ನೀಹಾರಿಕಾಕೃತಿ ಮೀಮಾಂಸೆ: ಒಂದು ಪ್ರಾಥಮಿಕ ಅನುಸಂಧಾನ

ಮಾನ್ಯ ಅಧ್ಯಕ್ಷರೇ, ಊಟದ ಕೂಪನ್ ಕಾಯುತ್ತ ಕುಳಿತ ವಿದ್ವಜ್ಜನರೇ,

ನೀಹಾರಿಕೆಗಳ ಚಿತ್ರಗಳಲ್ಲಿ ಆಕೃತಿ ಕಾಣುವ ಮಾನವಪ್ರವೃತ್ತಿಯನ್ನು ದೃಶ್ಯಸಂಕಥನದ ಬಹುಮುಖೀ ನೆಲೆಗಳಲ್ಲಿ ಮುಖಾಮುಖಿಯಾಗಿಸುವುದು ಈ ಪ್ರಬಂಧದ ಆಶಯ. ಅನಿಲ, ಧೂಳುಗಳ ಮೋಡವು ನೋಟಕನ ಪೂರ್ವಸಿದ್ಧ ಪ್ರತಿಮಾಕೋಶದೊಡನೆ ಸಂಘರ್ಷಿಸಿದಾಗ ನಡೆಯುವ ಕ್ರಿಯೆಯನ್ನು ನಾನು 'ಆಕೃತ್ಯಾರೋಪಣ' ಎಂದು ಪರಿಭಾವಿಸುತ್ತೇನೆ. ಮಳೆಮೋಡದಲ್ಲಿ ಆನೆ ಕಾಣುವ ಮಕ್ಕಳು ಮಾಡುವುದೂ ಇದನ್ನೇ. ಆದರೆ ಅವರ ಲೇಖನ ಯಾವ ವಿದ್ವತ್ ಪತ್ರಿಕೆಯಲ್ಲೂ ಬಂದಿಲ್ಲ.

ಆಕೃತಿಗಳು ಐದು ವರ್ಗದವು.

1. ಸ್ತಂಭವರ್ಗ: ಹಬಲ್ ದೂರದರ್ಶಕವು 1995ರಲ್ಲಿ ಸೆರೆಹಿಡಿದ, ಗರುಡ ನೀಹಾರಿಕೆಯ 'ಸೃಷ್ಟಿಯ ಕಂಬಗಳು'. ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಎಂದು ವಿಜ್ಞಾನಿಗಳೇ ಬಣ್ಣ ಹಂಚಿದ್ದಾರೆ. ಚಿತ್ರದ ಮೂಲೆಯಲ್ಲಿ ಮೆಟ್ಟಿಲಾಕಾರದ ಕತ್ತಲೊಂದಿದೆ. ಇದು ವಿಶ್ವದ ಅಪೂರ್ಣತೆಯ ಆಧುನಿಕೋತ್ತರ ಮೌನ. ಕ್ಯಾಮೆರಾದ ನಾಲ್ಕು ಚಿಪ್‌ಗಳಲ್ಲಿ ಒಂದು ಹೆಚ್ಚು ಹಿಗ್ಗಿಸಿ ನೋಡುತ್ತಿತ್ತು, ಅದರ ಪಾಲನ್ನು ಉಳಿದವುಗಳ ಅಳತೆಗೆ ಕುಗ್ಗಿಸಿದಾಗ ಮೂಲೆ ಖಾಲಿ ಬಿತ್ತು ಎಂಬ ತಾಂತ್ರಿಕ ವಿವರಣೆ ನಮ್ಮ ಶಿಸ್ತಿಗೆ ಅಪ್ರಸ್ತುತ.

2. ಹಸ್ತವರ್ಗ: ವಿಜ್ಞಾನಿ ಚಂದ್ರಶೇಖರರ ಹೆಸರು ಹೊತ್ತ ಚಂದ್ರಾ ಎಕ್ಸ್-ಕಿರಣ ದೂರದರ್ಶಕದ 'ದೇವರ ಕೈ', 2009. ಸುಮಾರು 20 ಕಿ.ಮೀ. ಅಗಲದ ಸತ್ತ ನಕ್ಷತ್ರವೊಂದು ಸೆಕೆಂಡಿಗೆ ಏಳು ಬಾರಿ ಗಿರಕಿ ಹೊಡೆಯುತ್ತ ಕಣಗಳನ್ನು ಉಗುಳಿ ಬೆರಳು ಮೂಡಿಸಿದೆ. ವಾಟ್ಸಾಪ್ ಪಾಠದಲ್ಲಿ ಮಾತ್ರ 'ಹತ್ತು ಜನಕ್ಕೆ ಕಳಿಸಿ, ಶುಭವಾಗುತ್ತದೆ' ಎಂಬ ಪ್ರಕ್ಷಿಪ್ತ ಭಾಗವಿದೆ. ಅದರ ಕಾಲನಿರ್ಣಯ ಆಗಬೇಕಿದೆ.

3. ಅಶ್ವವರ್ಗ: ಮಹಾವ್ಯಾಧ ನಕ್ಷತ್ರಪುಂಜದ ನಡುಪಟ್ಟಿಯ ಬಳಿಯ ಕುದುರೆತಲೆ ನೀಹಾರಿಕೆ. ಅಶ್ವಪ್ರತಿಮೆಯ ಪುರುಷಕೇಂದ್ರಿತ ಪರಿಪ್ರೇಕ್ಷ್ಯದಲ್ಲಿ...

ಬಿಡಿ, ವರ್ಗಗಳು ಸಾಕು. ನಾಲ್ಕು, ಐದು ಏನೆಂದು ನನಗೇ ಆಸಕ್ತಿ ಉಳಿದಿಲ್ಲ. ಇಂಥ ಪ್ರಬಂಧಗಳನ್ನು ವರ್ಷಗಟ್ಟಲೆ ಕೇಳಿ ತಲೆ ಕೆಟ್ಟಿದೆ. ಮಾತು ಮುಗಿಯುವ ಹೊತ್ತಿಗೆ ನಕ್ಷತ್ರವೂ ಇರುವುದಿಲ್ಲ, ನೋಡಿದವರೂ ಇರುವುದಿಲ್ಲ. ಮಂಡಿಸಿದವರ ಹೆಸರೊಂದೇ ಇರುತ್ತದೆ.

ಆ ಕುದುರೆಯ ಕತೆ ಕೇಳಿ. ಗಂಡ ಕೈಬಿಟ್ಟ ಮೇಲೆ, ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕರ ಮನೆಗೆಲಸಕ್ಕೆ ಸೇರಿದ್ದ ಸ್ಕಾಟ್ಲೆಂಡಿನ ಹೆಣ್ಣುಮಗಳೊಬ್ಬಳು ಮುಂದೆ ಅದೇ ವೀಕ್ಷಣಾಲಯದಲ್ಲಿ ಗಾಜಿನ ಛಾಯಾಫಲಕಗಳನ್ನು ಪರಿಶೀಲಿಸತೊಡಗಿದಳು. 1888ರ ಫಲಕವೊಂದರಲ್ಲಿ ಈ ಕಪ್ಪು ಗುರುತನ್ನು ಮೊದಲು ಕಂಡವಳು ಅವಳು. ಕುದುರೆ ಎನ್ನಲಿಲ್ಲ, ದೇವರನ್ನು ಕರೆಯಲಿಲ್ಲ. ಅರ್ಧವೃತ್ತಾಕಾರದ ಕಚ್ಚು ಎಂದು ಗುರುತಿಸಿ, ಅದರ ಅಳತೆ, ಇರುವ ಜಾಗ ಬರೆದಿಟ್ಟಳು. 1895ರ ನೀಹಾರಿಕಾ ಸೂಚಿಯಲ್ಲಿ ಅವಳ ಹೆಸರೇ ಇಲ್ಲ! ಹಾರ್ವರ್ಡಿನ ಶೋಧಗಳೆಲ್ಲ 'ಪಿಕರಿಂಗ್' ಎಂಬ ಒಂದೇ ಹೆಸರಿಗೆ ಜಮಾ ಆದವು. ಅದು ನಿರ್ದೇಶಕರ ಹೆಸರು. 1908ರ ಎರಡನೆಯ ಸೂಚಿಯಲ್ಲಿ ಅವಳ ಹೆಸರು ಸಂದದ್ದು ನಂತರದ ಶೋಧಗಳಿಗೆ ಮಾತ್ರ, ಈ ಕುದುರೆಗಲ್ಲ. ಅವಳು ತೀರಿಕೊಂಡದ್ದು 1911ರಲ್ಲಿ.

ಸಾವಿರಾರು ಬೆಳಕಿನ ವರ್ಷ ಆಚೆಯ ಧೂಳಿನಲ್ಲಿ ಕೈ, ಕಂಬ, ಕುದುರೆ ಎಲ್ಲ ಕಂಡ ಪಂಡಿತರಿಗೆ ವೀಕ್ಷಣಾಲಯದೊಳಗೆ ಕುಳಿತು ಫಲಕ ಪರೀಕ್ಷಿಸುತ್ತಿದ್ದ ಹೆಂಗಸು ಕಾಣಲಿಲ್ಲ. ಇದಕ್ಕೆ ಯಾವ ಮೀಮಾಂಸೆಯೂ ಬೇಡ. ಅನ್ಯಾಯ ಎಂಬ ಮಾತು ಸಾಕು.

ಓದುಗರೇ, ಇನ್ನು ಮುಂದೆ ಆ ಕುದುರೆಯ ಚಿತ್ರವನ್ನು ಯಾರಿಗಾದರೂ ಕಳಿಸುವಿರಾದರೆ ಶುಭವಾಗುತ್ತದೆ ಎಂಬ ಸಾಲನ್ನು ಅಳಿಸಿ, ಅಲ್ಲಿ ವಿಲಿಯಮಿನಾ ಫ್ಲೆಮಿಂಗ್ ಎಂದು ಬರೆಯಿರಿ.