ಕಸಬರಿಗೆ ಮಹಾತ್ಮೆ

ನಾನು ಇದುವರೆಗೆ ಬರೆದದ್ದರಲ್ಲಿ ಶ್ರೇಷ್ಠವಾದದ್ದು ಎರಡೇ ಸಾಲಿನದು. ಅದರ ಹೆಸರು ‘ಕಸಬರಿಗೆ’. ಬೆಳಗಾವಿಯ ಟಿಳಕವಾಡಿಯ ನನ್ನ ಬಾಡಿಗೆ ಖೋಲಿಯಲ್ಲಿ ದಿನಾ ರಾತ್ರಿ ಎರಡು ಗಂಟೆಗೆ ಅದು ತಾನಾಗಿಯೇ ಎದ್ದು, ಲ್ಯಾಪ್‌ಟಾಪಿನಲ್ಲಿ ಬಿದ್ದಿರುವ ಹಳೆಯ ಡೇಟಾಬೇಸುಗಳನ್ನು ಗುಡಿಸಿ ಹಾಕುತ್ತದೆ. ಯಾರನ್ನೂ ಕೇಳುವುದಿಲ್ಲ. ಕಸ ಹೊಡೆಯಲಿಕ್ಕೆ ಯಾರ ಅಪ್ಪಣೆ ಬೇಕು?

ಇದರ ಹಿರಿಮೆ ತಿಳಿಯಲು ಸ್ವಲ್ಪ ಹಿನ್ನೆಲೆ ಬೇಕು. ಸಾಫ್ಟ್‌ವೇರ್ ಬರೆಯುವವರು ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸನ್ನು ಡಾಕರ್ ಎಂಬ ಸಲಕರಣೆಯ ಮೂಲಕ ತಮ್ಮ ಮಷೀನಿನಲ್ಲೇ ಓಡಿಸುತ್ತಾರೆ. ಓಡುವ ಡಬ್ಬಿಗೆ ಕಂಟೇನರ್ ಎಂದು ಹೆಸರು, ಅದರ ಮಾಹಿತಿ ಕಟ್ಟಿಟ್ಟ ಗಂಟಿಗೆ ವಾಲ್ಯೂಮ್ ಎಂದು ಹೆಸರು. ಡಬ್ಬಿ ಹೋದರೂ ಗಂಟು ಉಳಿಯಲಿ ಎಂಬುದೇ ಈ ಏರ್ಪಾಡಿನ ಉದ್ದೇಶವಂತೆ. ಹೆಸರಿಡಲು ಮರೆತ ಗಂಟಿಗೆ ಡಾಕರೇ 64 ಅಕ್ಷರದ ಹೆಸರೊಂದನ್ನು ಅಂಟಿಸುತ್ತದೆ. ವರ್ಷ ಕಳೆಯುವುದರೊಳಗೆ ಇಂಥ ಗಂಟುಗಳು ಹತ್ತಾರಾಗಿ ಡಿಸ್ಕ್ ತುಂಬುತ್ತದೆ.

ಕಸಬರಿಗೆಯ ಮೊದಲ ಸಾಲು ನಿಂತಿರುವ ಕಂಟೇನರುಗಳನ್ನೆಲ್ಲ ಅಳಿಸುತ್ತದೆ. ಎರಡನೆಯದು ಯಾವ ಕಂಟೇನರಿಗೂ ಸೇರದ ವಾಲ್ಯೂಮುಗಳನ್ನು ಅಳಿಸುತ್ತದೆ. ಕಂಟೇನರ್ ನಿಂತಿದ್ದರೂ ಸರಿ, ಅದು ಇರುವ ತನಕ ಅದರ ವಾಲ್ಯೂಮನ್ನು ‘ಪ್ರೂನ್’ ಆಜ್ಞೆ ಮುಟ್ಟುವುದಿಲ್ಲ. ಅದಕ್ಕೇ ಈ ಕ್ರಮ. ಮೊದಲು ಹೆತ್ತವರನ್ನು ಸಾಗಹಾಕುವುದು, ಆಮೇಲೆ ಕೂಸನ್ನು ಅನಾಥವೆಂದು ಸಾರಿ ಹೊರಗೆ ಹಾಕುವುದು. ಎಲ್ಲವೂ ಕಾಯದೆ ಪ್ರಕಾರ.

ಡಾಕರ್ ಮಾಡಿದವರು ಈಚೆಗೆ ಮೆತ್ತಗಾಗಿದ್ದಾರೆ. 2023ರಲ್ಲಿ ಬಂದ 23.0 ಆವೃತ್ತಿಯಿಂದ ವಾಲ್ಯೂಮ್ ಪ್ರೂನ್ ಹೆಸರಿಲ್ಲದವನ್ನು ಮಾತ್ರ ಅಳಿಸುತ್ತದೆ. ಹೆಸರಿದ್ದವೂ ಹೋಗಬೇಕಾದರೆ ‘ಆಲ್’ ಎಂದು ಬೇರೆ ಬರೆಯಬೇಕು. ಇಂಥ ಪಂಕ್ತಿಭೇದ ನನಗೆ ಸೇರದು. ನಾನು ‘ಆಲ್’ ಬರೆದೆ. ‘ಖಾತ್ರಿಯೇ?’ ಎಂದು ಅದು ಕೇಳುವ ಪ್ರಶ್ನೆಯನ್ನೂ ‘ಫೋರ್ಸ್’ ಹಾಕಿ ಬಾಯಿ ಮುಚ್ಚಿಸಿದೆ.

ಕಸಬರಿಗೆಯ ತತ್ವ ಒಂದೇ: ಈ ಕ್ಷಣ ಬಳಕೆಯಲ್ಲಿಲ್ಲದ್ದು ಎಂದಿಗೂ ಬೇಡವಾದದ್ದು. ಇದನ್ನು ಊರಿಗೂ ಅನ್ವಯಿಸಬಹುದು. 2012ರಲ್ಲಿ ಉದ್ಘಾಟನೆಯಾದ ನಮ್ಮ ಸುವರ್ಣ ವಿಧಾನಸೌಧವನ್ನೇ ನೋಡಿ. ಚಳಿಗಾಲದ ಅಧಿವೇಶನ ಮುಗಿದ ಮರುದಿನ ರಾತ್ರಿ ಎರಡಕ್ಕೆ ಕಸಬರಿಗೆ ಅತ್ತ ಹೋದರೆ ಅಲ್ಲಿ ಯಾವ ಅಧಿವೇಶನವೂ ಓಡುತ್ತಿರುವುದಿಲ್ಲ. ಬೆಳಗಾಗುವಷ್ಟರಲ್ಲಿ ಹೆದ್ದಾರಿ ಪಕ್ಕ ಎಂಥ ಭವ್ಯವಾದ ಬಯಲು!

ಇಷ್ಟಾದರೂ ಹೆದರುವ ಜನ ಇದ್ದಾರೆ. ಉದ್ಯಮಬಾಗದಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರು ಒಂದು ವಾಲ್ಯೂಮ್ ಅಳಿಸಲು ಒಂದು ಮಧ್ಯಾಹ್ನ ತೆಗೆದುಕೊಳ್ಳುತ್ತಾರೆ. ಮೊದಲು ಪಟ್ಟಿ. ಆಮೇಲೆ ಯಾವುದು ಎಷ್ಟು ಜಾಗ ತಿಂದಿದೆ, ಯಾವ ಪ್ರಾಜೆಕ್ಟಿನದು ಎಂಬ ತಪಾಸಣೆ. ಉಳಿಯಬೇಕಾದದ್ದಕ್ಕೆ ಸೃಷ್ಟಿಸುವಾಗಲೇ ‘ಕೀಪ್’ ಎಂಬ ಲೇಬಲ್ ಹಚ್ಚಿರುತ್ತಾರೆ, ಆ ಲೇಬಲ್ ಇದ್ದದ್ದನ್ನು ಬಿಟ್ಟು ನಡೆ ಎಂದು ಪ್ರೂನ್‌ಗೆ ತಾಕೀತು. ಸಂಶಯವಿದ್ದದ್ದರ ನಕಲನ್ನು ಪಿಜಿ-ಡಂಪ್‌ನಿಂದ ತೆಗೆದು, ಅದನ್ನು ಬೇರೊಂದು ಖಾಲಿ ಡೇಟಾಬೇಸಿಗೆ ತುಂಬಿಸಿ, ಸಾಲುಗಳನ್ನು ಎಣಿಸಿ ತಾಳೆ ನೋಡುತ್ತಾರೆ. ಕಡೆಗೆ ಹೆಸರು ಹಿಡಿದು ಒಂದೊಂದನ್ನೇ ಅಳಿಸುತ್ತಾರೆ. ಪಾಪ, ಇಷ್ಟೆಲ್ಲ ಮಾಡಿ ಇಷ್ಟು ವರ್ಷದಲ್ಲಿ ಅವರು ಏನನ್ನೂ ಕಳೆದುಕೊಂಡಿಲ್ಲ. ಅನುಭವವೇ ಇಲ್ಲದ ಬಾಳು.

ದೊಡ್ಡವರ ದಾರಿ ಬೇರೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು ನಕಲು ಸರ್ವರ್ ಎಂದುಕೊಂಡು ಅಸಲು ಡೇಟಾಬೇಸಿನ ಕಡತಗಳನ್ನೇ ಅಳಿಸತೊಡಗಿದರು. ತಡೆಯುವಷ್ಟರಲ್ಲಿ ಸುಮಾರು 300 ಜಿಬಿ ಹೋಗಿ ನಾಲ್ಕೂವರೆ ಜಿಬಿ ಉಳಿದಿತ್ತು. ಬ್ಯಾಕಪ್ಪಿಗೆಂದು ಐದು ವ್ಯವಸ್ಥೆಗಳಿದ್ದವು, ಕೈಹಿಡಿಯುವ ಹೊತ್ತಿಗೆ ಒಂದೂ ನೆಟ್ಟಗಿರಲಿಲ್ಲ. ಆರು ತಾಸು ಮೊದಲು ಬೇರಾವುದೋ ಕೆಲಸಕ್ಕೆ ತೆಗೆದಿದ್ದ ನಕಲೊಂದು ಸಿಕ್ಕಿ ಅವರ ಸ್ವಚ್ಛತೆ ಅರ್ಧಕ್ಕೇ ನಿಂತಿತು. ಅದೂ ಪಾಪ ಕೈಯಿಂದ ಮಾಡಿದ ಕೆಲಸ. ನನ್ನದು ಸ್ವಯಂಚಾಲಿತ.

ಕಸಬರಿಗೆಯ ಸಾಧನೆಗೆ ಸಾಕ್ಷಿ ಬೇಕಲ್ಲ? ಕುಂದಾ ಅಂಗಡಿಯೊಂದರ ಉದ್ರಿ ವಹಿಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಹಿಡಿದಿದ್ದೆ. ಮೂರು ವಾರ ಕಂಟೇನರ್ ಹಗಲೂ ರಾತ್ರಿ ಓಡುತ್ತಲೇ ಇತ್ತು, ಹಾಗಾಗಿ ಕಸಬರಿಗೆ ಅದರ ತಂಟೆಗೆ ಹೋಗಲಿಲ್ಲ. ಜುಲೈಯಲ್ಲಿ ಒಂದು ಶುಕ್ರವಾರ ಖಾನಾಪುರಕ್ಕೆ ಆಯಿಯ ಮನೆಗೆ ಹೊರಟವನು, ಬ್ಯಾಟರಿ ಉಳಿಯಲೆಂದು ಅದನ್ನು ನಿಲ್ಲಿಸಿದೆ. ರಾತ್ರಿ ಎರಡಕ್ಕೆ ಕಸಬರಿಗೆ ಕರ್ತವ್ಯ ಪಾಲಿಸಿತು. ಅಂಗಡಿಯ ಕಾಗದದ ವಹಿಯನ್ನು ‘ಇನ್ನು ಯಾಕ್ರೀ ಇದು’ ಎಂದು ನಾನೇ ರದ್ದಿಗೆ ಹಾಕಿಸಿದ್ದೆ. ಉದ್ರಿ ಗಿರಾಕಿಗಳೆಲ್ಲ ಒಂದೇ ರಾತ್ರಿಯಲ್ಲಿ ಋಣಮುಕ್ತರಾದರು. ಸಾಲಮನ್ನಾ ಮಾಡಲು ಸರ್ಕಾರಕ್ಕೆ ಅಧಿವೇಶನ ಕರೆಯಬೇಕಾಗುತ್ತದೆ, ನನಗೆ ಎರಡು ಸಾಲು ಸಾಕಾಯಿತು.

ಖಾನಾಪುರದಲ್ಲೂ ನನ್ನ ಸೇವೆ ನಡೆದಿತ್ತು. ಮನೆಯ ಹಿತ್ತಲಲ್ಲಿ ಗೋಡೆಗೊರಗಿಸಿ ಪಾಚಿಗಟ್ಟಿದ ಹಂಚು ಒಟ್ಟಿದ್ದರು. ಸೂರಿನ ಮೇಲಿಲ್ಲ, ಅಂದಮೇಲೆ ಅನಾಥ. ಮೇ ತಿಂಗಳಲ್ಲಿ ಬಂದಾಗ ಟೆಂಪೋ ತರಿಸಿ ಸಾಗಹಾಕಿದ್ದೆ. ‘ಇರ್ಲಿ ಬಿಡೋ, ಮಳಿಗಾಲಕ್ಕ ಬೇಕಾಗ್ತಾವ’ ಎಂದು ಆಯಿ ಅಂದದ್ದನ್ನು ‘ಫೋರ್ಸ್’ ಹಾಕಿ ದಾಟಿದ್ದೆ.

ಆ ಶನಿವಾರ ಕಣಕುಂಬಿ ಕಡೆಯಿಂದ ಬಂದ ಮಳೆ ಬಿಡಲೇ ಇಲ್ಲ. ಮಂಗ ಹಾರಿ ಎರಡು ಹಂಚು ಒಡೆದಿದ್ದವು. ಅಡುಗೆಮನೆಯ ನಡುವೆ ಆಯಿ ಬೋಗಾಣಿ ಇಟ್ಟು, ಟಪ್ ಟಪ್ ಎನ್ನುವುದನ್ನು ನೋಡುತ್ತ ಕೂತಿದ್ದಳು. ಅಂಗಡಿಯವರ ಏಳನೆಯ ಫೋನ್ ಬರುತ್ತಿತ್ತು.

‘ಅಷ್ಟ ಜಾಗಾ ಮಾಡಿದ್ಯಲ್ಲೋ ತಮ್ಮಾ, ಅಲ್ಲೇನ ಇಡಾಂವ?’

ಪ್ರಶ್ನೆ ತಾಂತ್ರಿಕವಾಗಿರಲಿಲ್ಲ, ಆದ್ದರಿಂದ ಉತ್ತರಿಸಲಿಲ್ಲ. ಅಷ್ಟರಲ್ಲಿ ಒಲೆಯ ಮೇಲೂ ಸೋರಲು ಶುರುವಾಯಿತು. ‘ಅಟ್ಟದ ಮ್ಯಾಲಿನ ಇನ್ನೊಂದ ಬೋಗಾಣಿ ತಾ’ ಎಂದಳು ಆಯಿ. ಆ ಅಟ್ಟವನ್ನೂ ಮೇ ತಿಂಗಳಲ್ಲೇ ಗುಡಿಸಿದ್ದೆ.