ಕೆಂಪಿಗೆ ಗಂಟಲು ಬಂತು

ಸಿಯಾಟಲ್‌ನಲ್ಲಿ ಜೂನ್ ತಿಂಗಳ ಸೂರ್ಯನಿಗೆ ನಿದ್ದೆ ಕಡಿಮೆ. ನಾಲ್ಕೂವರೆಗೆಲ್ಲ ಹಿತ್ತಲು ಬೆಳ್ಳಗಾಗಿರುತ್ತದೆ. ಅಂಥದೊಂದು ಬೆಳಗ್ಗೆ, ತುಕ್ಕು ಹಿಡಿದ ಗೇಟನ್ನು ಯಾರೋ ಎಳೆದ ಹಾಗೆ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ನಮ್ಮ ಕೆಂಪಿ. ರೆಕ್ಕೆ ಬಡಿದಳು, ಕತ್ತು ನಿಗುರಿಸಿದಳು, ‘ಕೊಕ್ಕೊ... ಕ್ಕ್’ ಎಂದಳು. ಕೊನೆಯ ‘ಓ’ ಬರಲೇ ಇಲ್ಲ. ಸೀನು ಬಂದು ನಿಂತುಹೋದವರ ಮುಖ ಮಾಡಿಕೊಂಡು ಅತ್ತಿತ್ತ ನೋಡಿ, ಮತ್ತೆ ಶುರು ಮಾಡಿದಳು.

ಕೆಂಪಿ ಹೇಂಟೆ. ಹೇಂಟೆಯೇ ಆಗಿರಬೇಕು. ಈ ಊರಲ್ಲಿ ಮನೆಗೆ ಎಂಟು ಕೋಳಿ ಸಾಕಬಹುದು, ಹೊಸದಾಗಿ ಹುಂಜ ತರುವ ಹಾಗಿಲ್ಲ ಎಂದು 2010ರಲ್ಲೇ ಕಾನೂನಾಗಿದೆ. ನಮ್ಮವು ನಾಲ್ಕು. ಮೂರು ಬಿಳಿ ಲೆಗ್‌ಹಾರ್ನ್, ಒಂದು ರೋಡ್ ಐಲೆಂಡ್ ರೆಡ್. ಬಿಳಿಯವಕ್ಕೆ ಮಗಳು ಮಲ್ಲಿ, ಜಾಜಿ, ಜೆನಿಫರ್ ಎಂದು ಹೆಸರಿಟ್ಟಿದ್ದಾಳೆ.

ಯಾವ ಕಷ್ಟ ಬಂದರೂ ನಮ್ಮ ಯಜಮಾನರು ಮೊದಲು ಓದುತ್ತಾರೆ. ಎರಡು ರಾತ್ರಿ ಓದಿ, ಮೂರನೆಯ ರಾತ್ರಿ ಮುದ್ದೆ ಮುರಿಯುತ್ತ ವರದಿ ಒಪ್ಪಿಸಿದರು. ಹೇಂಟೆಗೆ ಕೆಲಸ ಮಾಡುವುದು ಎಡಗಡೆಯ ಅಂಡಾಶಯ ಒಂದೇ, ಬಲಗಡೆಯದು ಚಿಕ್ಕಂದಿನಲ್ಲೇ ಬೆಳೆಯದೆ ಉಳಿಯುತ್ತದೆ. ಗಂತಿಯೋ ಸೋಂಕೋ ಆಗಿ ಎಡಗಡೆಯದು ಕೆಟ್ಟರೆ ಈಸ್ಟ್ರೋಜನ್ ಇಳಿಯುತ್ತದೆ; ಆಗ ಬಲಗಡೆಯದು ಎದ್ದು ಕೂತು ಗಂಡು ಹಾರ್ಮೋನು ಸುರಿಸಬಹುದು. ಜುಟ್ಟು ಬಲಿಯುತ್ತದೆ, ಪುಕ್ಕ ಉದುರಿ ಹೊಸದು ಬರುವಾಗ ಹುಂಜದ್ದೇ ಬರುತ್ತದೆ, ಮೊಟ್ಟೆ ಬಂದ್.

ಅರಕಲಗೂಡಿನಿಂದ ಬಂದು ನಾಲ್ಕೇ ದಿನವಾಗಿದ್ದ ಅತ್ತೆ ಸಾರು ಸುರಿದುಕೊಳ್ಳುತ್ತ ಕೇಳಿದರು. “ಇಷ್ಟು ದೂರ ಯಾಕ್ಲಾ ಹೋಗ್ತೀಯ? ಹೇಂಟೆ ಕೂಗಿದ್ರೆ ಮನೇಗೆ ಆಗಲ್ಲ. ಭಾನುವಾರ ಕುಯ್ದಾಕು.”

ಮಗಳು ತಟ್ಟೆ ಬಿಟ್ಟು ಎದ್ದಳು. ಮಾತು ತಿರುಗಿಸಲು ಇವರು ಹೋಗಿ ಹೋಗಿ ಸ್ವಿಟ್ಜರ್ಲೆಂಡ್ ಹಿಡಿದರು. ಅಲ್ಲಿನ ಬಾಸೆಲ್ ಊರಲ್ಲಿ 1474ರಲ್ಲಿ ಹುಂಜವೊಂದು ಮೊಟ್ಟೆಯಿಟ್ಟಿತೆಂದು ವಿಚಾರಣೆ ನಡೆಸಿ, ಜನರೆದುರಿಗೇ ಸುಟ್ಟರಂತೆ. ಅತ್ತೆ ಕೈ ಚೀಪುವುದನ್ನು ನಿಲ್ಲಿಸಿದರು. “ಮಸಾಲೆ ಹಚ್ಚಿದ್ರಂತೋ, ಹಂಗೇನೋ?”

ಮರುದಿನ ಕೆಂಪಿ ಏಳೆಂಟು ಸಲ ಕೂಗಿ, ಬಕೆಟ್ಟಿನಿಂದಿಳಿದು ಗೂಡಿಗೆ ಹೋಗಿ ಮೊಟ್ಟೆಯಿಟ್ಟಳು. ಲೆಗ್‌ಹಾರ್ನ್ ಇಡುವುದು ಬಿಳಿ ಮೊಟ್ಟೆ. ಇದು ಕಂದು, ಇನ್ನೂ ಬೆಚ್ಚಗಿತ್ತು. ಅಂದರೆ ಎಡಗಡೆಯದು ನೆಟ್ಟಗಿದೆ. ಹುಂಜವಿಲ್ಲದ ಹಿಂಡಿನಲ್ಲಿ ಎಲ್ಲರನ್ನೂ ಕುಕ್ಕಿ ಗದರಿಸುವ ಹೇಂಟೆ ಒಮ್ಮೊಮ್ಮೆ ಹುಂಜದ ಕೆಲಸಕ್ಕೂ ಕೈ ಹಾಕುತ್ತದಂತೆ, ಅಷ್ಟೇ. ಆಮೇಲೆ ನಾನೂ ಗಮನಿಸಿದೆ. ಎರೆಹುಳು ಸಿಕ್ಕರೆ ಕೆಂಪಿ ತಾನು ನುಂಗುವುದಿಲ್ಲ. ಕೊಕ್ಕಿನಲ್ಲಿ ಎತ್ತಿ, ಬಿಟ್ಟು, ‘ಕೊಕ್ ಕೊಕ್’ ಎಂದು ಮಿಕ್ಕವರನ್ನು ಕರೆಯುತ್ತಾಳೆ. ಅವು ಮುಗಿಬಿದ್ದು ತಿನ್ನುವಾಗ ಪಕ್ಕಕ್ಕೆ ನಿಂತು, ತಲೆ ಓರೆ ಮಾಡಿ, ಒಂದೇ ಕಣ್ಣಲ್ಲಿ ಆಕಾಶ ನೋಡುತ್ತಾಳೆ, ಹದ್ದು ಗಿದ್ದು ಇದೆಯೋ ಎಂದು. ನಮ್ಮ ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವುದನ್ನು ಹುಂಜದ ಲಕ್ಷಣ ಅಂತ ಯಾರೂ ಅಂದಿದ್ದಿಲ್ಲ.

ಇಷ್ಟಾದರೂ ಇವರಿಗೆ ನೆಮ್ಮದಿಯಿಲ್ಲ; ಯಾರಾದರೂ ದೂರು ಕೊಟ್ಟರೆ? ಫೈಲು ತಯಾರಾಯಿತು. ಕೆಂಪಿಯ ಫೋಟೋ, ಕಂದು ಮೊಟ್ಟೆಯ ಫೋಟೋ, ಕೋಳಿಗಳಲ್ಲಿ ಹೆಣ್ಣಿಗೆ ಜ಼ಡ್ ಡಬ್ಲ್ಯು ಕ್ರೋಮೋಸೋಮು, ಗಂಡಿಗೆ ಎರಡು ಜ಼ಡ್ ಎಂಬ ವಿವರಣೆ. ಶನಿವಾರ ಪಕ್ಕದ ಮನೆಯ ಯಜಮಾನರು ಬೇಲಿಯ ಹತ್ತಿರ ಬಂದೇ ಬಂದರು. ಬೋಯಿಂಗ್‌ನಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಕೈಯಲ್ಲಿ ಎಣ್ಣೆ ಸ್ಪ್ರೇ ಡಬ್ಬಿ. “ನಿಮ್ಮ ಗೇಟಿನ ಕೀಲು ಒಣಗಿದೆ, ವಾರದಿಂದ ಕೇಳ್ತಿದ್ದೇನೆ. ಎರಡು ಸಲ ಹೊಡೀರಿ, ಸರಿಹೋಗುತ್ತೆ.”

ಇವರು ಡಬ್ಬಿ ಇಸಕೊಂಡು ಥ್ಯಾಂಕ್ಸ್ ಹೇಳಿ ಒಳಗೆ ಬಂದು ನಕ್ಕರು. ಅತ್ತೆ ನಗಲಿಲ್ಲ. ಊರಲ್ಲಿ ಇಪ್ಪತ್ತು ಕೋಳಿ ಸಾಕಿದ ಹೆಂಗಸು. ತಮ್ಮ ಮನೆಯ ಕೋಳಿ ಕೂಗಿದ್ದನ್ನು ಒಬ್ಬ ಗೇಟು ಅಂದದ್ದು ಅವರಿಗೆ ಮನಸ್ಸಿಗೆ ಹತ್ತಿತು. “ಕೂಗೋದೇ ಆದ್ರೆ ನೆಟ್ಟಗೆ ಕೂಗ್ಬೇಕು ಕಣವ್ವ. ಅರ್ಧಂಬರ್ಧ ಕೂಗಿದ್ರೇ ಕೇಡು.”

ಜೆಟ್‌ಲ್ಯಾಗಿನಿಂದ ಅವರಿಗೆ ಮೂರೂವರೆಗೇ ಎಚ್ಚರ. ಮರುದಿನ ಕಾಫಿ ಲೋಟ ಹಿಡಿದು, ನನ್ನ ಸ್ವೆಟರ್ ಹೊದ್ದು, ಬಕೆಟ್ಟಿನ ಎದುರು ಕುಕ್ಕುರುಗಾಲಲ್ಲಿ ಕೂತಿದ್ದರು. ಕೆಂಪಿ ‘ಕೊಕ್ಕೊ... ಕ್ಕ್’ ಎಂದಳು. ಅತ್ತೆ ಗಂಟಲು ಸರಿಮಾಡಿಕೊಂಡು, ಎದೆ ತುಂಬ ಉಸಿರೆಳೆದು, ‘ಕೊಕ್ಕೊಕ್ಕೋ... ಓ... ಓ’ ಎಂದು ಎಳೆದ ಎಳೆತಕ್ಕೆ ಆಚೆ ಬೀದಿಯ ನಾಯಿ ಬೊಗಳಿತು. ಕೆಂಪಿ ತಲೆ ವಾರೆ ಮಾಡಿ ಕೇಳಿಸಿಕೊಂಡಳು.

ಪಾಠ ಐದು ದಿನ ನಡೆಯಿತು. ಎರಡನೆಯ ದಿನಕ್ಕೇ ಕೆಂಪಿ ತಾನು ಮೊದಲು ಬಾಯಿ ತೆರೆಯುವುದನ್ನು ಬಿಟ್ಟಳು. ಇವರ ಓದಿನಲ್ಲಿ ಅದಕ್ಕೂ ಕಾರಣ ಸಿಕ್ಕಿತು. ಗುಂಪಿನಲ್ಲಿ ದೊಡ್ಡ ಹುಂಜವೇ ಮೊದಲು ಕೂಗುತ್ತದೆ, ಉಳಿದವು ದರ್ಜೆಯ ಪ್ರಕಾರ ಆಮೇಲೆ ಎಂದು ಜಪಾನಿನ ವಿಜ್ಞಾನಿಗಳು 2015ರಲ್ಲಿ ತೋರಿಸಿಕೊಟ್ಟಿದ್ದಾರೆ. ಕೆಂಪಿಗೆ ದರ್ಜೆ ತಿಳಿದಿತ್ತು. ನನಗೆ ಮದುವೆಯಾದ ವಾರದಲ್ಲೇ ತಿಳಿದಿತ್ತು.

ಮುಂದಿನ ಶನಿವಾರ ಪಕ್ಕದವರು ಮತ್ತೆ ಬಂದರು. “ಗೇಟು ಸರಿಹೋಗಿದೆ. ಆದರೆ ನೀವು ಹುಂಜ ತಂದ ಹಾಗಿದೆಯಲ್ಲ? ಭಾರಿ ಗಂಟಲು. ಬೇಜಾರು ಮಾಡ್ಕೋಬೇಡಿ, ಕಾನೂನು ಒಪ್ಪಲ್ಲ.”

ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಅತ್ತೆಯ ಕೈ ನಿಂತಿತು. ಇವರು ಫೈಲು ತರಲು ಒಳಗೆ ಓಡಿದವರು ಬಾಗಿಲಲ್ಲೇ ನಿಂತುಬಿಟ್ಟರು. ಕೆಂಪಿ ಹೇಂಟೆ ಎನ್ನುವುದಕ್ಕೆ ಅದರಲ್ಲಿ ಹನ್ನೊಂದು ಪುಟ ಸಾಕ್ಷಿಯಿತ್ತು. ಅವರಮ್ಮನ ಬಗ್ಗೆ ಒಂದಕ್ಷರವೂ ಇರಲಿಲ್ಲ.