ಲಂಕಿಣೀ ನ್ಯಾಯ: ತುಳಸಿಗೇರಿ ಪಕ್ಷದ ವೀಸಾ ಮೀಮಾಂಸೆ

ಪರದೇಶದ ವಿಚಾರಸಂಕಿರಣಕ್ಕೆ ಹೊರಟ ಪಂಡಿತ ಗಡಿಯಲ್ಲಿ ಸಿಕ್ಕಿಬೀಳುವುದೇಕೆ? ವೀಸಾ ಸಿದ್ಧಿಗೆ ಹೈದರಾಬಾದ್ ಬಳಿಯ ಚಿಲ್ಕೂರು ಬಾಲಾಜಿಯನ್ನೇ ಸುತ್ತಬೇಕೆಂಬ ಪೂರ್ವಪಕ್ಷವನ್ನು ಮೊದಲು ಖಂಡಿಸಬೇಕು. ವೆಂಕಟೇಶ 1970ರ ದಶಕದಲ್ಲೇ ಅಮೆರಿಕದ ಪಿಟ್ಸ್‌ಬರ್ಗ್‌ಗೆ ಹೋಗಿ ಅಲ್ಲೇ ಗುಡಿ ಮಾಡಿಕೊಂಡು ಕೂತ. ತುಳಸಿಗೇರಿ ಹನುಮಪ್ಪನಾದರೋ ಕಡಲು ದಾಟಿದ, ಕೆಲಸ ಮುಗಿಸಿದ, ಮರಳಿದ. ವೀಸಾಧಿಕಾರಿಗೆ ಬೇಕಾದ ದೇವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಸುಂದರಕಾಂಡವನ್ನು ಇಮಿಗ್ರೇಶನ್ ಪ್ರಕರಣವೆಂದು ಓದಿದವರು ಕಡಿಮೆ. ಬಾಗಿಲಲ್ಲಿ ಲಂಕಿಣಿ ಕೇಳಿದ್ದು ಎರಡೇ: ನೀನು ಯಾರು, ಯಾಕೆ ಬಂದೆ? ಊರು ನೋಡಿಕೊಂಡು ಬಂದ ಹಾಗೇ ಹೋಗುತ್ತೇನೆ ಎಂದ ಹನುಮಂತ. ಹೇಳಿದ್ದು ಪ್ರವಾಸ, ಬಂದದ್ದು ಅಧಿಕೃತ ಕೆಲಸಕ್ಕೆ! ಟೂರಿಸ್ಟ್ ವೀಸಾದಲ್ಲಿ ಹೋಗಿ ಪ್ರಬಂಧ ಮಂಡಿಸುವ ಪರಂಪರೆಗೆ ಇದೇ ಮೂಲ. ರಾಮನ ಉಂಗುರವೆಂಬ ಗುರುತಿನ ದಾಖಲೆ ಜೊತೆಗಿತ್ತು, ತೋರಿಸಲಿಲ್ಲ. ರಾವಣಸಭೆಯಲ್ಲಿ ಆಸನ ಸಿಗದೆ ಬಾಲ ಸುತ್ತಿ ಕೂತದ್ದು ವಾಲ್ಮೀಕಿಯಲ್ಲಿಲ್ಲ. ಆದರೆ ನಮ್ಮ ಬಯಲಾಟದವರು ಬಿಡಬೇಕಲ್ಲ. ದೂತನನ್ನು ಕೊಲ್ಲಬಾರದೆಂದು ವಿಭೀಷಣ ಅಡ್ಡಬಂದ. ರಾಜತಾಂತ್ರಿಕರ ರಕ್ಷಣೆಯನ್ನು ವಿಯೆನ್ನಾ ಒಪ್ಪಂದ ಬರೆದಿಟ್ಟದ್ದು 1961ರಲ್ಲಿ.

ಪಕ್ಕದ ಬಾದಾಮಿಯವರು ಹ್ಯೂಯೆನ್‌ತ್ಸಾಂಗನನ್ನು ಎತ್ತುತ್ತಾರೆ. ಅಪ್ಪಣೆಯಿಲ್ಲದೆ ಚೀನಾ ಬಿಟ್ಟು, ಇಮ್ಮಡಿ ಪುಲಕೇಶಿಯ ನಾಡು ನೋಡಿ, ಕನೌಜಿನ ಸಭೆಯಲ್ಲಿ ವಾದಿಸಿ, 645ರಲ್ಲಿ 657 ಗ್ರಂಥಗಳೊಡನೆ ಮರಳಿದವನು. ಮರಳಿದ್ದೇನೋ ಸರಿ. ಆದರೆ 180 ದಿನಗಳಲ್ಲಿ 90 ದಿನ ಮಾತ್ರ ಎನ್ನುವ ಶೆಂಗೆನ್ ಸೂತ್ರಕ್ಕೆ ಈತನ ದಶಕ ಮೀರಿದ ವಾಸ ಒಗ್ಗದು.

ಪಾಸ್‌ಪೋರ್ಟಿಗೆ ಏಕರೂಪದ ನಮೂನೆ ಗೊತ್ತುಮಾಡಿದ್ದೂ ಒಂದು ಸಮ್ಮೇಳನವೇ: 1920, ಪ್ಯಾರಿಸ್, ಲೀಗ್ ಆಫ್ ನೇಷನ್ಸ್. ಅದಕ್ಕೆ ಬಂದವರು ಏನು ತೋರಿಸಿ ಒಳಬಂದರೆಂಬುದನ್ನು ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಬಿಟ್ಟಿದ್ದೇವೆ.

ಈಗ ದೃಷ್ಟಾಂತ. ದಾಳಿಂಬೆಯ ದುಂಡಾಣು ಅಂಗಮಾರಿ ರೋಗವನ್ನು ಅರೆದು ಕುಡಿದ ತುಳಸಿಗೇರಿಯ ತರುಣನೊಬ್ಬ 2022ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಆಂಜೆಯಲ್ಲಿ ನಡೆದ ಅಂತರರಾಷ್ಟ್ರೀಯ ತೋಟಗಾರಿಕಾ ಸಮ್ಮೇಳನಕ್ಕೆ ಹೊರಟನೆನ್ನಿ. 35×45 ಮಿ.ಮೀ. ಫೋಟೊ, 30,000 ಯೂರೋ ವಿಮೆ, ವಾಪಸಾದ ಮೇಲೂ 3 ತಿಂಗಳು ಬಾಳುವ ಪಾಸ್‌ಪೋರ್ಟ್. ದಾಳಿಂಬೆಯ ಸುದ್ದಿಯೇ ಇಲ್ಲ. ಸಾಧಿಸಬೇಕಾದ ಪ್ರತಿಜ್ಞೆ ಒಂದೇ: ಇವನು ತಿರುಗಿ ಬರುತ್ತಾನೆ. ನೈಯಾಯಿಕರು ಹೊಗೆ ಕಂಡು ಬೆಂಕಿಯನ್ನು ಊಹಿಸಿದರು. ಇವರು ಬ್ಯಾಂಕ್ ಪಾಸ್‌ಬುಕ್ ಕಂಡು ಊರ ಮೋಹವನ್ನು ಊಹಿಸುತ್ತಾರೆ. ಅಮೆರಿಕದವರು ಇನ್ನೂ ನೇರ. ಅವರ 1952ರ ಕಾಯ್ದೆಯ 214(ಬಿ) ಪ್ರಕಾರ ಬಂದವನು ಝಂಡಾ ಊರಲೆಂದೇ ಬಂದವನು. ಅಲ್ಲವೆಂದು ತೋರಿಸುವ ಭಾರ ಅವನದೇ.

ತರುಣನ ತಂದೆ ತರ್ಕಶಾಸ್ತ್ರ ಓದಿದವರಲ್ಲ.

"ಹೊಲದ ಉತಾರ ಹಚ್ಚಿದೇನೋ?"

"ಹಚ್ಚೀನಪ್ಪಾ."

"ಎಮ್ಮಿ ಈಯಾಕ ಬಂದದ ಅಂತ ಬರಿ. ಅದು ನಿನ್ನ ಬಿಟ್ಟು ಯಾರಿಗೂ ಹಿಂಡಗೊಡಂಗಿಲ್ಲ."

ಹೇತು ನಿರ್ದುಷ್ಟ. ಫಾರಮಿನಲ್ಲಿ ಅದಕ್ಕೆ ಕಾಲಮ್ ಇರಲಿಲ್ಲ.